ಅಕ್ಕನಾಗಮ್ಮನ ಒಂಬತ್ತನೇ ಪೂಜೆ

ನಮ್ಮ ಅತ್ತೆ ಅಕ್ಕನಾಗಮ್ಮ ಜೋಳದ ರೊಟ್ಟಿ ಬಡಿದರೆ ಆ ಸದ್ದು ಬಾತಿ ಗುಡ್ಡಕ್ಕೆ ಹೊಡೆದು ವಾಪಸ್ಸು ನಮ್ಮ ಅಡುಗೆಮನೆಗೇ ಬರುತ್ತಿತ್ತು. ಎಪ್ಪತ್ತೊಂದು ವರ್ಷಕ್ಕೆ ಮೂವತ್ತೆರಡಕ್ಕೆ ಮೂವತ್ತೆರಡೂ ಹಲ್ಲು; ಕೊಬ್ಬರಿ ಬಟ್ಟಲನ್ನು ಕಚ್ಚಿ ಎರಡು ಹೋಳು ಮಾಡುತ್ತಿದ್ದರು. ಮಂಡಿಪೇಟೆಯ ನಮ್ಮ ಬೇಳೆಕಾಳಿನ ಅಂಗಡಿಯಲ್ಲಿ ಇಬ್ಬರು ಹಮಾಲರು ಎತ್ತುವ ತೊಗರಿ ಮೂಟೆಯನ್ನು ಒಮ್ಮೆ ಒಬ್ಬರೇ ಪಕ್ಕಕ್ಕೆ ಸರಿಸಿ, "ಇಷ್ಟಕ್ಕ ಇಬ್ರು ಬೇಕಾ?" ಎಂದು ಕೇಳಿದ್ದರು. ಇಂಥ ಅತ್ತೆಯ ಜೊತೆ ಇಪ್ಪತ್ತು ವರ್ಷ ಬಾಳಿದ ನನ್ನಂಥ ಸೊಸೆ ಹೊಸದಾಗಿ ಆದ ದಾವಣಗೆರೆ ಜಿಲ್ಲೆಯಲ್ಲಿ ಇನ್ನೊಬ್ಬಳಿಲ್ಲ. ಹಳೆಯ ಚಿತ್ರದುರ್ಗ ಜಿಲ್ಲೆಯಲ್ಲೂ ಇರಲಿಲ್ಲ.

"ಕೊಟ್ರಮ್ಮ ಹೇಳಿದ್ದನ್ನ ಹತ್ತರಿಂದ ಭಾಗಿಸಬೇಕು" ಎನ್ನುವುದು ನಮ್ಮ ಮನೆಯ ಲೆಕ್ಕ. ಶುರು ಮಾಡಿದವರು ಮಾವ ಬಕ್ಕೇಶಪ್ಪ. ಮುಂದುವರಿಸಿದವರು ನನ್ನ ಗಂಡ ಶಿವಕುಮಾರ. ಈಗ ಪಿಯುಸಿ ಓದುವ ಮಗಳು ಕೃತಿಕಾ ಕೂಡ ಕಲಿತಿದ್ದಾಳೆ. ಭಾಗಿಸಲಿ. ಭಾಗಿಸಿದ ಮೇಲೂ ಉಳಿಯುವಷ್ಟು ದೊಡ್ಡದಾಗಿಯೇ ನಾನು ಹೇಳುತ್ತಿದ್ದೆ.

ಮಾವನಿಗೆ ಎಪ್ಪತ್ತಾರು. ಸಕ್ಕರೆ ಕಾಯಿಲೆ, ಬಿಪಿ, ಎರಡೂ ಮಂಡಿಗಳ ನೋವು, ಬಲಗಣ್ಣಿಗೆ ಪೊರೆ. ಅವರ ಮಾತ್ರೆಗಳನ್ನು ಸಾಲಾಗಿ ಇಟ್ಟರೆ ಹರಿಹರ ಮುಟ್ಟುತ್ತದೆ. ಅವರು ಪಡಸಾಲೆಯ ಮಂಚದ ಮೇಲೆ ಕೂತು ದಿನಕ್ಕೊಮ್ಮೆ ಹೇಳುತ್ತಿದ್ದರು: "ನಾನು ಮುಂದ ಹೋಗಾವ. ಇವಳು ನನ್ನ ಶಿವಗಣಾರಾಧನೆಗೆ ಹೋಳಿಗೆ ಮಾಡಿ ಬಡಿಸಿ, ಆಮೇಲೆ ಮೂವತ್ತು ವರ್ಷ ಆರಾಮ ಇರ್ತಾಳ."

"ಹೋಳಿಗೆಗೆ ತುಪ್ಪ ಹಾಕಂಗಿಲ್ಲ ನೋಡ್ರಿ, ತುಪ್ಪ ತುಟ್ಟಿ ಐತೆ," ಎಂದು ಅತ್ತೆ ಅಡುಗೆಮನೆಯಿಂದಲೇ ಉತ್ತರ ಕೊಡುತ್ತಿದ್ದರು.

ಇದು ತೊಂಬತ್ತೆಂಟರ ಶಿವರಾತ್ರಿಯ ಹೊತ್ತಿನ ಮಾತು.

ಶಿವರಾತ್ರಿಯ ಮರುದಿನ ಅತ್ತೆ ಎಂದಿನಂತೆ ಬೆಳಗ್ಗೆ ಸ್ನಾನ ಮಾಡಿ, ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡಿದರು. ವಿಭೂತಿ, ಪತ್ರೆ, ಊದಿನಕಡ್ಡಿ. ಆಮೇಲೇ ಊಟ. ಲಿಂಗಪೂಜೆಯಾಗದೆ ಅವರು ಹುಟ್ಟಿದಾಗಿನಿಂದ ಒಂದು ತುತ್ತು ತಿಂದವರಲ್ಲ. ಅಂದು ಪೂಜೆ ಮುಗಿಸಿ, ರೊಟ್ಟಿ ತಿಂದು, ತಟ್ಟೆ ತೊಳೆದಿಟ್ಟು ಮತ್ತೆ ಪೂಜೆಗೆ ಕೂತರು. ಮಧ್ಯಾಹ್ನ ಇನ್ನೊಮ್ಮೆ. ಯುಗಾದಿ ಬರುವ ಹೊತ್ತಿಗೆ ದಿನಕ್ಕೆ ಐದಾಯಿತು. ಪ್ರತಿ ಸಲವೂ ಹೊಸ ಪತ್ರೆ, ಹೊಸ ಕಡ್ಡಿ, ಅದೇ ಮುಚ್ಚಿದ ಕಣ್ಣು.

ನಾನೇನು ಮಾಡಿದೆ? ಓಣಿಯಲ್ಲೆಲ್ಲ ಸಾರಿದೆ. "ನಮ್ಮ ಅತ್ತೆ ಹನ್ನೆರಡು ಪೂಜೆ ಮಾಡ್ತಾರ. ಅಂಗೈಯಾಗ ಬೆಳಕು ಕಾಣಿಸ್ತೈತೆ." ಬೆಳಕು ಟ್ಯೂಬ್‌ಲೈಟಿನದು, ಆದರೆ ಹೇಳುವಾಗ ನನಗೂ ಮೈ ಜುಮ್ಮೆಂದಿತ್ತು. ಸೋಮವಾರ ಬಂದರೆ ಓಣಿಯ ಹೆಂಗಸರು ಹೂವು ಹಿಡಿದು ಬಂದು ಅತ್ತೆಯ ಪಾದ ಮುಟ್ಟತೊಡಗಿದರು. ಮಾಯಕೊಂಡದಿಂದ ಓಬವ್ವ ಎಂಬಾಕೆ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಅತ್ತೆ ಎಲ್ಲರ ತಲೆ ಮುಟ್ಟಿ "ಚಂದಾಗಿರ್ರಿ" ಎನ್ನುತ್ತಿದ್ದರು, ಕೆಲವರಿಗೆ ಎರಡೆರಡು ಸಲ. ಯಾವಾಗಲೂ ಹೀಯಾಳಿಸುವ ಮಾವ ಕೂಡ ಸುಮ್ಮನಿದ್ದರು. ಹೆಂಡತಿ ಶಿವನ ಕಡೆ ತಿರುಗಿದ್ದಾಳೆ, ನಡುವೆ ಬಾಯಿ ಹಾಕುವುದು ಹೇಗೆ?

ಹಿಂದಿನ ಮನೆಯ ಖತೀಜಾಬೀ ಮಾತ್ರ ಪಾದ ನೋಡಲಿಲ್ಲ, ಮುಖ ನೋಡಿದಳು. ಅವರದು ಮಂಡಕ್ಕಿ ಭಟ್ಟಿ. ಒಂದು ದಿನ ಬಿಸಿ ಮಂಡಕ್ಕಿ ತಂದುಕೊಟ್ಟು, ನನ್ನನ್ನು ಬಚ್ಚಲ ಹತ್ತಿರ ಕರೆದಳು.

"ಕೊಟ್ರಮ್ಮಾ, ಬ್ಯಾಸರ ಮಾಡ್ಕೋಬ್ಯಾಡ. ನಮ್ಮ ಅಮ್ಮಿ ಐದು ಹೊತ್ತಿನ ನಮಾಜು ಹನ್ನೊಂದು ಹೊತ್ತು ಮಾಡ್ತಿದ್ಲು. ನಾವೂ ಖುಷಿಪಟ್ವಿ. ಮಾಡಿದ್ದು ಮರೀತಿದ್ಲು ಕಣಮ್ಮ, ಅಷ್ಟೇ. ಅದು ಬೀಮಾರಿ."

"ನಮ್ಮ ಅತ್ತೀಗೆ ಬೀಮಾರಿನಾ? ತೊಗರಿ ಮೂಟೆ ಎತ್ತಾರೆ!"

"ನಮ್ಮ ಅಮ್ಮೀನೂ ಗಟ್ಟಿ ಇದ್ಲು. ಆಮೇಲೆ ಒಂಬತ್ತು ವರ್ಷ ಇದ್ಲು. ಅದ್ರಾಗ ಆರು ವರ್ಷ ನನ್ನ ಯಾರಂತ ಕೇಳ್ತಿದ್ಲು."

ನಾನು ಮಂಡಕ್ಕಿಯ ಬುಟ್ಟಿ ಖಾಲಿ ಮಾಡಿ, ತೊಳೆಯದೆ ವಾಪಸ್ಸು ಕೊಟ್ಟೆ. ಅಷ್ಟು ಸಿಟ್ಟು. 

ಊಟದ ಜಗಳ ಆ ವಾರವೇ ಶುರುವಾಯಿತು. ಪೂಜೆಯಾದ ಮೇಲೆ ಊಟ ಎನ್ನುವುದು ಅತ್ತೆಯ ಮೈಗೆ ಗೊತ್ತು. ಪೂಜೆ ಒಂಬತ್ತಾದರೆ ಊಟವೂ ಒಂಬತ್ತಾಗಬೇಕಲ್ಲ? ಐದನೆಯ ಸಲ ನಾನು ತಟ್ಟೆ ಹಾಕಲಿಲ್ಲ.

"ಅತ್ತೀ, ಈಗ ಒಂದು ತಾಸಿನ ಹಿಂದ ಉಂಡೀರಿ. ಬದನೆಕಾಯಿ ಪಲ್ಯ, ಮೂರು ರೊಟ್ಟಿ."

"ನಾನಾ? ಬೆಳಗಿನಿಂದ ಬರೇ ಹೊಟ್ಟೀಲಿ ಇದೀನಿ!" ಅವರು ನೇರ ಬೀದಿ ಬಾಗಿಲಿಗೆ ಹೋಗಿ ಹೂವಿನವಳಿಗೆ ಹೇಳಿದರು: "ನೋಡವ್ವ, ಸೊಸಿ ಉಣ್ಣಾಕ ಹಾಕಂಗಿಲ್ಲ."

ಸಂಜೆ ಅಂಗಡಿಯಿಂದ ಬಂದ ಗಂಡ ಚಪ್ಪಲಿ ಬಿಡುವ ಮೊದಲೇ ಕೇಳಿದರು: "ಏನು ಕೊಟ್ರಿ, ಅವ್ವಗ ಊಟ ಹಾಕಲಿಲ್ವಂತೆ? ಮಂಡಿಪೇಟೆ ತುಂಬ ಮಾತು."

"ನಾಲ್ಕು ಸಲ ಹಾಕೀನಿ!"

"ನಾಲ್ಕನ್ನ ಹತ್ತರಿಂದ ಭಾಗಿಸಿದ್ರ ಅರ್ಧಾನೂ ಆಗಲ್ಲ."

ನಗುವ ಮಾತೇ. ಯಾರೂ ನಗಲಿಲ್ಲ.

ಏಪ್ರಿಲ್ ಕೊನೆಯಲ್ಲಿ ನಾನು ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿ ಇಳಿದು ಬಂದೆ. ಹೊತ್ತು ಹನ್ನೊಂದು. ಕೊನೆಯ ಮೆಟ್ಟಿಲಲ್ಲೇ ಮೂಗಿಗೆ ಗ್ಯಾಸು ಬಡಿಯಿತು. ಅಡುಗೆಮನೆಯ ಒಲೆಯ ಎರಡೂ ಗುಂಡಿ ಪೂರ್ತಿ ತಿರುಗಿದ್ದವು. ಉರಿ ಇರಲಿಲ್ಲ, ಸುಯ್ಯೆನ್ನುವ ಸದ್ದಿತ್ತು. ಪಕ್ಕದ ದೇವರ ಮೂಲೆಯಲ್ಲಿ ಅತ್ತೆ ಪೂಜೆಗೆ ಕೂತಿದ್ದರು. ಎಡಗೈಯಲ್ಲಿ ಲಿಂಗ. ಮುಂದೆ ಊದಿನಕಡ್ಡಿ. ಬಲಗೈಯಲ್ಲಿ ಬೆಂಕಿಕಡ್ಡಿ. ಒಂದು ಕಡ್ಡಿ ಗೀರಿ ಮುರಿದು ನೆಲದ ಮೇಲೆ ಬಿದ್ದಿತ್ತು. ಪೆಟ್ಟಿಗೆಯನ್ನು ಮೊಣಕಾಲಿನ ನಡುವೆ ಒತ್ತಿಕೊಂಡು ಎರಡನೆಯದನ್ನು ಗೀರಲು ಹೊರಟಿದ್ದರು.

ನಾನು ಕೂಗಲಿಲ್ಲ. ಕೂಗಿದರೆ ಬೆಚ್ಚಿ ಗೀರುತ್ತಾರೆ.

"ಅತ್ತೀ," ಎಂದೆ, ಮಗುವನ್ನು ಮಲಗಿಸುವ ದನಿಯಲ್ಲಿ. "ಇತ್ಲಾಗ ಕೊಡ್ರಿ. ನಾನು ಹಚ್ಚಿಕೊಡ್ತೀನಿ."

"ಈ ಕಡ್ಡಿ ಹತ್ತಂಗಿಲ್ಲ, ಹಸಿ ಅದಾವ." ಕಡ್ಡಿಯ ತಲೆ ಪೆಟ್ಟಿಗೆಗೆ ತಾಗಿಯೇ ಇತ್ತು. "ನಿನ್ನ ಸ್ನಾನ ಆಗೇತಾ?"

"ಆಗೇತ್ರಿ."

"ಮಡಿ ಐತಾ?"

"ಐತ್ರಿ ಅತ್ತೀ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಪೆಟ್ಟಿಗೆ ಕೊಟ್ಟರು. ನಾನು ಒಲೆ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆದು, ಅವರನ್ನೂ ಮಾವನನ್ನೂ ಹಿತ್ತಲಿಗೆ ಕರೆದೊಯ್ದು ಕೂರಿಸಿದೆ. ಆಮೇಲೆ ಒಳಗೆ ಹೋಗಿ ನೆಲದ ಮೇಲಿದ್ದ ಮುರಿದ ಕಡ್ಡಿಯನ್ನು ಎತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಗಂಡ ಬಂದಾಗ ಹೇಳಿದೆ. "ಸ್ವಲ್ಪ ವಾಸನೆ ಬಂದಿರಬೇಕು," ಎಂದರು. ನಾನು ಸೆರಗಿನ ಗಂಟು ಬಿಚ್ಚಿ ಮುರಿದ ಕಡ್ಡಿಯನ್ನು ತೋರಿಸಿದೆ. ಮಾವ ಕೈ ಚಾಚಿ ಅದನ್ನು ಇಸಿದುಕೊಂಡರು. ಒಳ್ಳೆಯ ಕಣ್ಣಿನ ಹತ್ತಿರ ಹಿಡಿದು, ಗೀರಿದ ತಲೆಯನ್ನು ಉಗುರಿನಿಂದ ಮುಟ್ಟಿ ನೋಡಿದರು.

"ಶಿವಕುಮಾರ, ಇದನ್ನ ಭಾಗಿಸಬ್ಯಾಡ," ಎಂದರು.

ಮರುದಿನ ಡಾಕ್ಟರ ಹತ್ತಿರ ಎಲ್ಲರೂ ಹೋದೆವು. ಸಣ್ಣ ವಯಸ್ಸಿನ ಡಾಕ್ಟರು. ಅತ್ತೆಯ ನಾಡಿ, ಎದೆ, ಬಿಪಿ ಎಲ್ಲ ನೋಡಿ ಹುಬ್ಬೇರಿಸಿದರು. "ನಿಮ್ಮ ಹಾರ್ಟು ನನಗಿಂತ ಚೆನ್ನಾಗಿದೆ ಅಮ್ಮ. ಈಗ ಇದು ಯಾವ ತಿಂಗಳು ಹೇಳಿ?"

"ಅಷ್ಟು ಓದಿದ ನಿಮಗ ಗೊತ್ತಿಲ್ದ ತಿಂಗಳು ನನಗೆಂಗೆ ಗೊತ್ತಾಗ್ತೈತೆ?"

ನಾವೆಲ್ಲ ನಕ್ಕೆವು. ಡಾಕ್ಟರು ನಗದೆ ಬರೆದುಕೊಂಡರು. "ದಿನಕ್ಕೆ ಎಷ್ಟು ಸಲ ಪೂಜೆ ಮಾಡ್ತಾರೆ?"

"ಹನ್ನೆರಡು," ಎಂದೆ.

"ಇವಳ ಲೆಕ್ಕ ಬ್ಯಾಡ ಡಾಕ್ಟ್ರೆ, ಎರಡೋ ಮೂರೋ..." ಎಂದರು ಗಂಡ.

"ಒಂಬತ್ತು ಅಪ್ಪ," ಎಂದಳು ಕೃತಿಕಾ. "ಪರೀಕ್ಷೆಗೆ ಓದ್ತಾ ಮನೇಲೇ ಇದ್ನಲ್ಲ. ದಿನಾ ಎಣಿಸೀನಿ."

ಅತ್ತೆಯನ್ನು ಕೃತಿಕಾಳ ಜೊತೆ ಹೊರಗೆ ಕೂರಿಸಿ ಡಾಕ್ಟರು ಬಾಗಿಲು ಹಾಕಿದರು. ಮರೆವಿನ ಕಾಯಿಲೆ, ಮುಂದುವರಿಯುತ್ತದೆ, ಗುಣ ಮಾಡುವ ಔಷಧಿ ಇಲ್ಲ ಎಂದರು.

"ಆದ್ರ ಮೈ ಗಟ್ಟಿ ಐತಲ್ರಿ! ನೂರು ವರ್ಷ ಬಾಳ್ತಾರೆ!" ಎಂದೆ. ಮಾತು ಹೊರಗೆ ಬಂದ ಮೇಲೆ ನನಗೇ ಹೆದರಿಕೆಯಾಯಿತು.

"ಆಯುಸ್ಸು ಬೇರೆ, ಚೆನ್ನಾಗಿರೋ ಆಯುಸ್ಸು ಬೇರೆ," ಎಂದರು ಡಾಕ್ಟರು. ಮಾವನ ಕಡೆ ತಿರುಗಿ, "ಯಜಮಾನ್ರೇ, ನಿಮಗೆ ನಾಲ್ಕು ಕಾಯಿಲೆ ಇದೆ. ಆದರೂ ನಿಮ್ಮ ಸ್ನಾನ, ನಿಮ್ಮ ಮಾತ್ರೆ, ನಿಮ್ಮ ಮಾತು ನಿಮ್ಮ ಕೈಲಿದೆ. ಇವರಿಗೆ ಮೈ ಇರುತ್ತೆ, ಅದನ್ನ ನಡೆಸೋದು ಮರೆತುಹೋಗುತ್ತೆ. ಈ ಕಾಯಿಲೆ ಆಯುಸ್ಸನ್ನೂ ಕಡಿಮೆ ಮಾಡುತ್ತೆ. ಆದರೆ ಅದಕ್ಕಿಂತ ಹೆಚ್ಚಾಗಿ, ತಮ್ಮ ಕೆಲಸ ತಾವೇ ಮಾಡಿಕೊಳ್ಳೋ ವರ್ಷಗಳನ್ನ ತಿನ್ನುತ್ತೆ."

ಮಾವ ಕೋಲಿನ ಮೇಲೆ ಎರಡೂ ಕೈ ಇಟ್ಟರು. "ಅಂಥವು ಎಷ್ಟು ಉಳಿದಾವ್ರಿ ಇವಳಿಗೆ?"

"ಖಚಿತ ಹೇಳೋಕಾಗಲ್ಲ. ಎರಡು ಇರಬಹುದು. ಮೂರು ಇದ್ದರೆ ಪುಣ್ಯ. ಅವರಿಗೆ ಬರೋ ಕೆಲಸ ಮಾಡೋಕೆ ಬಿಡಿ. ಪಕ್ಕದಲ್ಲಿ ಒಬ್ಬರು ಇರಿ. ಕೂರಿಸಿಬಿಟ್ಟರೆ ಬೇಗ ಹೋಗುತ್ತೆ."

ಮನೆಗೆ ಬಂದು ಗಂಡ ಮಾಡಿದ ಮೊದಲ ಕೆಲಸ, ಬಡಗಿಯನ್ನು ಕರೆಸಿ ಹಿಂದಿನ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಸಿದ್ದು.

"ಏನಲೇ ಇದು?" ಎಂದರು ಮಾವ.

"ಮತ್ತೇನು ಮಾಡಲಿ ಅಪ್ಪ? ಮನೆ ಸುಟ್ಟುಹೋಗಲಾ? ಕೊಟ್ರಿ ಒಬ್ಬಾಕಿ ಎಷ್ಟಂತ ಕಾಯ್ತಾಳ?"

"ಎರಡು ವರ್ಷ ಅಂತ ಹೇಳ್ಯಾನ. ಅದಕ್ಕೂ ಚಿಲಕ ಹಾಕ್ತೀಯಾ?"

"ಜೀವ ಉಳಿದ್ರ ಸಾಕು."

"ಜೀವ ಉಳೀತೈತಲೇ, ಅವ್ವ ಉಳಿಯಂಗಿಲ್ಲ! ನೀನೇನಂತೀ ಕೊಟ್ರಮ್ಮ?"

ಇಬ್ಬರೂ ನನ್ನ ಮುಖ ನೋಡಿದರು. ನನ್ನ ಕಣ್ಣ ಮುಂದೆ ಪೆಟ್ಟಿಗೆಗೆ ತಾಗಿ ನಿಂತ ಆ ಕಡ್ಡಿಯ ತಲೆ ಬಂತು. "ಚಿಲಕ ಇರಲಿ ಮಾವ," ಎಂದೆ. "ನನಗ ಹೆದರಿಕಿ ಆಗ್ತೈತೆ." ಇಪ್ಪತ್ತು ವರ್ಷದಲ್ಲಿ ನಾನು ಭಾಗಿಸಲು ಏನೂ ಇಡದೆ ಆಡಿದ ಮೊದಲ ಮಾತು ಅದು. ತಪ್ಪು ಮಾತು.

ನಾನು ಅಡುಗೆಗೆ, ಒಗೆಯಲು, ಗಿರಣಿಗೆ ಹೋಗುವಾಗಲೆಲ್ಲ ಅತ್ತೆ ಚಿಲಕದ ಹಿಂದೆ. ಮೊದಲ ವಾರ ಬಾಗಿಲು ಬಡಿದರು: "ಯಾರು ಹಾಕಿದ್ರು ಇದನ್ನ? ಹಿಟ್ಟು ನಾದಬೇಕು, ತೆಗೀರೇ!" ಎರಡನೆಯ ವಾರ ಸುಮ್ಮನಾದರು. ಮೂರನೆಯ ವಾರ ಚಿಲಕ ತೆಗೆದರೂ ಹೊರಗೆ ಬರಲಿಲ್ಲ. ಸೀರೆ ಸುತ್ತಿಕೊಳ್ಳುವಾಗ ನೆರಿಗೆ ಕೈಯಲ್ಲಿ ಹಿಡಿದು ಮುಂದೇನು ಎಂದು ತಿಳಿಯದೆ ನಿಲ್ಲುತ್ತಿದ್ದರು. ಪೂಜೆ ಒಂಬತ್ತರಿಂದ ಆರಾಯಿತು, ಮೂರಾಯಿತು. ಒಂದು ದಿನ ಆಗಲೇ ಇಲ್ಲ. ಎಷ್ಟು ಬೈದರೂ ಅಂದು ಊಟ ಮುಟ್ಟಲಿಲ್ಲ. ಪೂಜೆ ಹೆಚ್ಚಾದಾಗ ಹಿಗ್ಗಿದವಳು, ಕಡಿಮೆಯಾದಾಗ ನಡುಗಿದೆ. ಮಾವ ಬಾಗಿಲ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತು, "ಏ ಇವಳೇ, ತುಪ್ಪ ತುಟ್ಟಿ ಐತೇನು?" ಎಂದು ಕೇಳುತ್ತಿದ್ದರು. ಒಳಗಿನಿಂದ ಉತ್ತರ ಬರುತ್ತಿರಲಿಲ್ಲ.

ಎರಡು ವರ್ಷ ಎಂದಿದ್ದರು ಡಾಕ್ಟರು. ನಾವು ಎರಡು ತಿಂಗಳಲ್ಲಿ ಮುಗಿಸುತ್ತಿದ್ದೆವು.

ಜುಲೈನ ಒಂದು ಸೋಮವಾರ ಜೋಳ ಬೀಸಿಸಲು ಗಿರಣಿಗೆ ಹೋದೆ. ಕರೆಂಟು ಹೋಗಿ ಎರಡು ತಾಸು ತಡವಾಯಿತು. ಬಂದರೆ ಹಿಂದಿನ ಕೋಣೆಯ ಬಾಗಿಲು ಹಾರು ಹೊಡೆದಿತ್ತು. ಹೊಸ್ತಿಲ ಮೇಲೆ ಸೇವಂತಿಗೆ ಹೂವು. ಮಾವ ಮಾತ್ರೆಯ ಮಂಪರಿನಲ್ಲಿ ಮಂಚದ ಮೇಲೆ ನಿದ್ದೆ ಹೋಗಿದ್ದರು. ಜಗುಲಿಯ ಮೇಲೆ ಮಾಯಕೊಂಡದ ಓಬವ್ವ ಕೂತಿದ್ದಳು, ನನ್ನನ್ನು ಬೈಯಲೆಂದೇ ಕಾದಿದ್ದಳು.

"ಏನ್ರಿ ಕೊಟ್ರಮ್ಮಾರೆ, ಶಿವಶರಣೆಯಂಥ ತಾಯೀನ ಕೂಡಿಹಾಕೋದಾ? ನಾನೇ ಚಿಲಕ ತೆಗೆದೆ."

"ಎಲ್ಲಿ ಅದಾರೆ?"

"ಹೊಳಿಗೆ ಹೋಗಬೇಕು, ಅವ್ವ ಕಾಯ್ತಾಳ ಅಂದ್ರು. ಹರಿಹರದ ದೇವರ ದರ್ಶನಕ್ಕೇನೋ ಅಂದ್ಕೊಂಡು ನಾನೇ ಬಸ್ ಹತ್ತಿಸಿ, ಚೀಟಿ ತೆಗೆಸಿ, ಪಾದ ಮುಟ್ಟಿ ಬಂದೆ. ನೀವೇ ಹೇಳಿದ್ರಲ್ಲ, ಅಂಗೈಯಾಗ ಬೆಳಕು ಐತೆ ಅಂತ?"

ನಾನು ಹೇಳಿದ್ದನ್ನು ಭಾಗಿಸದೆ ನಂಬಿದವಳು ಅವಳೊಬ್ಬಳೇ.

ಖತೀಜಾಬೀಗೆ ಕೂಗಿ ಮಾವನನ್ನು ನೋಡಿಕೊಳ್ಳಲು ಹೇಳಿದೆ. ಅವಳು ಏನೂ ಕೇಳದೆ ಭಟ್ಟಿಯ ಮಸಿ ಕೈಯಲ್ಲೇ ಓಡಿ ಬಂದಳು. ಅಂಗಡಿಗೆ ಫೋನು ಮಾಡಿ ಬಸ್ಸು ಹತ್ತಿದೆ. ಮಲೆನಾಡಿನ ಮಳೆಗೆ ತುಂಗಭದ್ರೆಗೆ ಕೆಂಪು ನೀರು ಬಂದಿದೆ ಎಂದು ಬಸ್ಸಿನಲ್ಲಿ ಯಾರೋ ಮಾತಾಡುತ್ತಿದ್ದರು. ಹದಿನಾಲ್ಕು ಕಿಲೋಮೀಟರು. ಅದನ್ನು ಎಷ್ಟರಿಂದ ಗುಣಿಸಿ ಹೇಳಲಿ?

ಅತ್ತೆಯ ತವರು ಹರಿಹರದ ದೇವಸ್ಥಾನದ ಹಿಂದಿನ ಓಣಿ. ಅವರ ಅವ್ವ ತೀರಿ ನಲವತ್ತು ವರ್ಷ. ಆ ಮನೆ ಮಾರಿ ಮೂವತ್ತು ವರ್ಷ. ನಾನು ಮನೆ ಕಡೆ ತಿರುಗದೆ ನೇರ ಹೊಳೆಗೆ ಓಡಿದೆ. ನೀರು ನಾಲ್ಕು ಮೆಟ್ಟಿಲು ನುಂಗಿತ್ತು. ಮೇಲಿನ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದವಳನ್ನು ಕೇಳಿದೆ. ಅವಳ ಹೆಸರು ಅಂಜಿನವ್ವ ಎಂದು ಆಮೇಲೆ ತಿಳಿಯಿತು.

"ಎತ್ತರದ ಮುದುಕಿ, ಹಸಿರು ಸೀರಿ?" ಎಂದು ಅವಳು ಸೆರಗಿನ ತುದಿ ಬಿಚ್ಚಿದಳು. "ಇದನ್ನ ಹಿಡ್ಕೊ ತಂಗಿ, ಮುಳುಗು ಹಾಕಿ ಬರ್ತೀನಿ ಅಂದ್ರು. ನಾನು ಮುಟ್ಟಬಾರದು ಅಂತ ಸೆರಗಿನಾಗ ಇಟ್ಕೊಂಡೀನಿ. ಆಗಲೇ ತಾಸು ಮೇಲಾತು. ಒಗ್ಯಾಣ ಮಾಡ್ತಾ ನಾನು ಆ ಕಡೆ ತಿರುಗಿದ್ದೆ. ಮತ್ತೆ ಕಾಣ್ಲಿಲ್ಲ."

ಶಿವದಾರ ಸುತ್ತಿದ ಬೆಳ್ಳಿ ಕರಡಿಗೆ.

ಎಪ್ಪತ್ತೊಂದು ವರ್ಷ ಸ್ನಾನದಲ್ಲೂ ಹೆರಿಗೆಯಲ್ಲೂ ಕೊರಳಿನಿಂದ ಇಳಿಯದ ಲಿಂಗ. ನಾನು ಕೆಂಪು ನೀರನ್ನು ನೋಡುತ್ತ ನಿಂತೆ. ಒಂದು ಮುಳ್ಳುಕಂಟಿ, ಒಂದು ಬಾಳೆದಿಂಡು, ಆಮೇಲೆ ಏನೋ ಹಸಿರು ತೇಲಿಬಂತು. ನೀರಿನೊಳಗಿನ ಮೆಟ್ಟಿಲಿಗೆ ಕಾಲಿಟ್ಟು ಕೈ ಚಾಚಿದೆ. ಅದು ಹಸಿ ಸೊಪ್ಪಿನ ಕೊಂಬೆ.

"ಅಳಬ್ಯಾಡ್ರಿ, ಮೇಲಿನ ಓಣಿಗೇನಾದ್ರೂ ಹೋಗ್ಯಾರೇನೋ ನೋಡ್ರಿ," ಎಂದಳು ಅಂಜಿನವ್ವ. ಅಳುತ್ತಿದ್ದೇನೆಂದು ನನಗೆ ಗೊತ್ತಾದದ್ದು ಆಗ.

ತವರಿನ ಮನೆ ಹುಡುಕುವ ಮೊದಲೇ ಕಿವಿಗೆ ಬಿತ್ತು. ಥಪ್, ಥಪ್, ಥಪ್. ಆ ಸದ್ದನ್ನು ನಾನು ಸಾವಿರ ಅಡುಗೆಮನೆಗಳ ನಡುವೆ ಗುರುತಿಸಬಲ್ಲೆ.

ಮನೆಯ ಈಗಿನ ಯಜಮಾನ ಗುತ್ತೆಪ್ಪ ಬಾಗಿಲಲ್ಲೇ ಕೈ ಮುಗಿದು ನಿಂತಿದ್ದ. "ನಿಮ್ಮೋರಾ? ಒಳಗ ಬಂದು, ಒಲಿ ಮುಂದ ಕೂತು, 'ಹಿಟ್ಟು ಎಲ್ಲಿಟ್ಟೀಯವ್ವ' ಅಂತ ನನ್ನ ಹೆಂಡ್ತೀನ ಕೇಳಿದ್ರು. ಬ್ಯಾಡ ಅನ್ನಾಕ ಬಾಯಿ ಬರಲಿಲ್ರಿ. ಇಪ್ಪತ್ತೆರಡು ರೊಟ್ಟಿ ಆಗ್ಯಾವ. ನಾವೆಲ್ಲ ಉಂಡ್ವಿ. ಅವರು ಮಾತ್ರ ಒಂದು ಚೂರೂ ಬಾಯಿಗೆ ಹಾಕಂಗಿಲ್ಲ."

ಅತ್ತೆ ಒಲೆಯ ಬೆಳಕಿನಲ್ಲಿ ಬೆವರುತ್ತಿದ್ದರು. ಸೀರೆ ಒದ್ದೆಯಾಗಿರಲಿಲ್ಲ; ಮುಳುಗು ಹಾಕುವುದನ್ನೂ ಮರೆತು ಬಂದಿದ್ದರು. ಎರಡು ತಿಂಗಳಿಂದ ಸತ್ತಂತಿದ್ದ ಕೈಗಳು ರೊಟ್ಟಿಯನ್ನು ತಿರುಗಿಸುತ್ತಿದ್ದವು, ಅಂಚು ಎಲ್ಲೂ ಸೀಳಿರಲಿಲ್ಲ. ಒಂದು ಕೈ ಮಾತ್ರ ಆಗಾಗ ಕೊರಳಿಗೆ ಹೋಗಿ ಖಾಲಿ ಜಾಗವನ್ನು ತಡಕಿ ಹಿಂದೆ ಬರುತ್ತಿತ್ತು.

"ಅತ್ತೀ, ಉಣ್ಣಲಿಲ್ವಂತೆ?"

"ಪೂಜಿ ಆಗಿಲ್ಲ. ಹೆಂಗ ಉಣ್ಣಲಿ?"

ಕರಡಿಗೆಯನ್ನು ನನ್ನ ಸೆರಗಿನಲ್ಲಿ ಹಿಡಿದು ಅವರ ಕೊರಳಿಗೆ ಹಾಕಿದೆ. ಅವರು ಅದನ್ನು ಎರಡೂ ಅಂಗೈಗಳಲ್ಲಿ ಮುಚ್ಚಿಕೊಂಡು ಬಹಳ ಹೊತ್ತು ಕೂತರು. ಆಮೇಲೆ ನನ್ನ ಮುಖವನ್ನು ನೋಡಿ, ಹಿಟ್ಟಿನ ಕೈಯಿಂದ ನನ್ನ ಗಲ್ಲ ಒರೆಸಿದರು.

"ಯಾರ ಮಗಳವ್ವ ನೀನು? ಯಾಕ ಅಳ್ತೀ?"

ನಾನು ಹೆಂಚಿನ ಮೇಲೆ ಸೀಯುತ್ತಿದ್ದ ರೊಟ್ಟಿಯನ್ನು ತೆಗೆದಿಟ್ಟೆ.

"ನನಗೊಬ್ಬ ಸೊಸಿ ಅದಾಳ, ದಾವಣಗೇರ್ಯಾಗ. ಕೊಟ್ರಮ್ಮ. ಬಾಯಿ ಬಿಟ್ರ ಸುಳ್ಳು, ಒಂದಕ್ಕ ಹತ್ತು. ಆದ್ರ ಉಣ್ಣಾಕ ಮಾತ್ರ ಹೊತ್ತಿಗೆ ಸರಿಯಾಗಿ ಹಾಕ್ತಾಳ ನೋಡು."

ಗಂಡ ಅಷ್ಟು ಹೊತ್ತಿಗೆ ಬಾಗಿಲಿಗೆ ಬಂದಿದ್ದರು. ಅವ್ವನ ಪೂಜೆ ಆಗುವವರೆಗೆ, ಅವರು ಉಣ್ಣುವವರೆಗೆ, ಬೇರೆಯವರ ಪಡಸಾಲೆಯಲ್ಲಿ ಕೂತು ಕಾದರು. ಮನೆಗೆ ಬಂದವರು ಅಂಗಿ ಬಿಚ್ಚದೆ ಸ್ಕ್ರೂಡ್ರೈವರ್ ತಂದು ಚಿಲಕ ಕಿತ್ತರು. ಮಾವ ಪಕ್ಕದಲ್ಲಿ ನಿಂತು ಒಂದೊಂದೇ ತಿರುಪುಮೊಳೆಯನ್ನು ಕೈ ಚಾಚಿ ಇಸಿದುಕೊಂಡರು.

ಈಗ ಗ್ಯಾಸಿನ ಸಿಲಿಂಡರು ಬಾಯಿಗೆ ಬೀಗ ಹಾಕಿಸಿಕೊಂಡು ಮಾವನ ಮಂಚದ ಕೆಳಗಿದೆ; ನಾವು ಅಡುಗೆ ಮಾಡುವಾಗ ಮಾತ್ರ ಹೊರಗೆ ಬರುತ್ತದೆ. ಹಿತ್ತಲಲ್ಲಿ ಕಟ್ಟಿಗೆ ಒಲೆ ಹಾಕಿಸಿದ್ದೇವೆ. ಬೆಂಕಿ ಹಚ್ಚುವವಳು ನಾನು, ರೊಟ್ಟಿ ಬಡಿಯುವವರು ಅತ್ತೆ. ಎಷ್ಟು ಸಲ ಪೂಜೆ ಮಾಡಿದರೂ ಅಂಗೈಯಷ್ಟಗಲದ ತಟ್ಟೆಯಲ್ಲಿ ಒಂದು ತುಂಡು ರೊಟ್ಟಿ ಇಡುತ್ತೇನೆ. ಓಬವ್ವನಿಗೆ ಎಲ್ಲ ಹೇಳಿದೆ; ನಂಬಲಿಲ್ಲ. ಸೋಮವಾರ ಈಗಲೂ ಬರುತ್ತಾಳೆ, ಹಿಟ್ಟು ಜರಡಿ ಹಿಡಿದುಕೊಡುತ್ತಾಳೆ. ಖತೀಜಾಬೀಯ ಬುಟ್ಟಿಯನ್ನು ತೊಳೆದು, ಬಿಸಿ ರೊಟ್ಟಿ ತುಂಬಿ ಕಳಿಸುತ್ತೇನೆ.

"ತುಪ್ಪ ತುಟ್ಟಿ ಐತೇನು?" ಎಂದು ಮಾವ ಕೇಳಿದರೆ ಒಂದೊಂದು ದಿನ ಉತ್ತರ ಬರುತ್ತದೆ.

ಬೆಳಗ್ಗೆ ನಾನು ಬಚ್ಚಲಲ್ಲಿ ಬಟ್ಟೆ ಒಗೆಯುತ್ತ ಆ ಸದ್ದಿಗೆ ಕಿವಿ ಕೊಟ್ಟಿರುತ್ತೇನೆ. ಇವತ್ತು ಏಳನೆಯ ರೊಟ್ಟಿಯ ನಡುವೆ ಅದು ನಿಂತಿತು. ಸೋಪಿನ ಕೈಯಲ್ಲೇ ಹಿತ್ತಲ ಬಾಗಿಲಿಗೆ ಬಂದೆ. ಅತ್ತೆ ಅರ್ಧ ಬಡಿದ ರೊಟ್ಟಿಯ ಮೇಲೆ ಅಂಗೈ ಇಟ್ಟು, ಇದು ಏನು, ಇದನ್ನು ಏನು ಮಾಡಬೇಕು ಎನ್ನುವಂತೆ ನೋಡುತ್ತಿದ್ದರು. ಒಳಗೆ ಪಡಸಾಲೆಯ ಮಂಚದ ಮೇಲೆ ಮಾವ ಲೋಟವನ್ನು ತುಟಿಯ ಹತ್ತಿರ ಹಿಡಿದು ಹಾಗೇ ಕೂತಿದ್ದರು. ಕೃತಿಕಾ ಜಡೆ ಹಾಕಿಕೊಳ್ಳುವುದನ್ನು ನಿಲ್ಲಿಸಿದ್ದಳು.

ನಾನು ಹೋಗಿ ಪಕ್ಕದಲ್ಲಿ ಕೂತು, ಅವರ ಕೈಯ ಮೇಲೆ ನನ್ನ ಕೈಯಿಟ್ಟು ಒಮ್ಮೆ ತಟ್ಟಿದೆ. ಇನ್ನೊಮ್ಮೆ ತಟ್ಟಿದೆ. ಮೂರನೆಯದನ್ನು ಅವರೇ ತಟ್ಟಿದರು.

"ಸರಿ ಅತ್ಲಾಗ," ಎಂದರು. "ನನಗೇನು ಬರಂಗಿಲ್ಲ ಅಂದ್ಕೊಂಡೀಯಾ?"